ಕೆಲ್ಸದ ಜಾಗದಲ್ಲಿ ಯೇಸು ಬಗ್ಗೆ ಮಾತಾಡೋದು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಪೀಣ್ಯದಲ್ಲಿ ಒಂದು ಮಷಿನ್ ಶಾಪಲ್ಲಿ ಹದಿನೇಳು ವರ್ಷದಿಂದ ಇದ್ದೀನಿ, ಮೊದ್ಲು ಟರ್ನರ್ ಆಗಿದ್ದೆ, ಈಗ ಶಿಫ್ಟ್ ಸೂಪರ್‌ವೈಸರ್. ಊರು ತುಮಕೂರು ಕಡೆ. ಭಾನುವಾರ ಕನ್ನಡ ಆರಾಧನೆಗೆ ಹೋಗ್ತೀನಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮ ಯುವಜನರ ಕೂಟದಲ್ಲಿ ಹುಡುಗ್ರು ಹುಡ್ಗೀರು ಸೇರಿದಾಗೆಲ್ಲ ಇದೇ ವಿಷ್ಯ ಬರತ್ತೆ, ಐಟಿಯವರು, ನರ್ಸ್‌ಗಳು, ಬ್ಯಾಂಕಲ್ಲಿ ಇರೋರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು, ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಒಂದ್ಕಡೆ ಬರೆದಿಡ್ತಿದ್ದೀನಿ. ನಾನು ಅಯ್ಯನವ್ರೂ (ಅಂದ್ರೆ ಪಾದ್ರಿನೂ) ಅಲ್ಲ, ವಕೀಲನೂ ಅಲ್ಲ. ಲೇತ್ ಮಷಿನ್ ಮುಂದೆ ನಿಂತು ಕಲಿತಿದ್ದು ಅಷ್ಟೇ.

ಆಫೀಸಲ್ಲಿ ನಂಬಿಕೆ ಬಗ್ಗೆ ಮಾತಾಡೋದು ಕಾನೂನಿಗೆ ವಿರುದ್ಧನಾ?

ಇಲ್ಲ. ಸಂವಿಧಾನದ 25ನೇ ವಿಧಿ ಧರ್ಮನ ನಂಬೋಕೆ, ಆಚರಿಸೋಕೆ, ಪ್ರಚಾರ ಮಾಡೋಕೆ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಆಗ್ಬಾರ್ದು ಅನ್ನೋ ಷರತ್ತೂ ಅಲ್ಲೇ ಇದೆ. ಆದ್ರೆ 1977ರಲ್ಲಿ ಮಧ್ಯಪ್ರದೇಶದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರ್ಲಿ: ಪ್ರಚಾರ ಮಾಡೋ ಹಕ್ಕು ಅಂದ್ರೆ ನಿನ್ನ ನಂಬಿಕೆ ಏನು ಅಂತ ತಿಳಿಸೋ ಹಕ್ಕು, ಇನ್ನೊಬ್ಬನನ್ನ ಮತಾಂತರ ಮಾಡೋ ಹಕ್ಕಲ್ಲ. ಆ ತೀರ್ಪಿನ ಬಗ್ಗೆ ನಮ್ಮವ್ರು ತುಂಬಾ ಜನಕ್ಕೆ ಬೇಜಾರಿದೆ, ನಂಗೂ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೆ ಕೆಲ್ಸದ ಜಾಗಕ್ಕೆ ನಡತೆ ಕಲಿಸೋಕೆ ಇದು ಒಳ್ಳೆ ಗೆರೆ. ತಿಳಿಸೋದು ನನ್ನದು, ಬದಲಾಗೋದು ಬಿಡೋದು ಅವ್ರದ್ದು ಮತ್ತೆ ದೇವರದ್ದು.

ಇದರ ಮೇಲೆ ಕಂಪನಿ ರೂಲ್ಸ್ ಬೇರೆ ಇರತ್ತೆ. ಆಫರ್ ಲೆಟರ್ ಜೊತೆ ಕೊಡೋ ಆ ದಪ್ಪ ಪುಸ್ತಕ ಯಾರೂ ಓದಲ್ಲ, ಒಂದ್ಸಲ ಓದಿ. ಸರ್ಕಾರಿ ಶಾಲೆ ಟೀಚರ್ ಆಗಿದ್ರೆ ಇನ್ನೂ ಹುಷಾರು, ಪೂರ್ತಿ ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡಂಗಿಲ್ಲ ಅಂತ 28ನೇ ವಿಧಿನೇ ಹೇಳತ್ತೆ.

ಮತ್ತೆ ಆ ಮತಾಂತರ ನಿಷೇಧ ಕಾಯ್ದೆ? ಅದಕ್ಕೇ ಎಲ್ರೂ ಹೆದರೋದು.

2022ರಲ್ಲಿ ಬಂದ ಕರ್ನಾಟಕದ ಕಾಯ್ದೆ. ಬಲವಂತ, ಮೋಸ, ಆಮಿಷ, ಮದುವೆಯ ಮಾತು ಇವುಗಳಲ್ಲಿ ಯಾವುದರಿಂದಾದ್ರೂ ಮತಾಂತರ ಮಾಡಿಸಿದ್ರೆ 3ರಿಂದ 5 ವರ್ಷ ಜೈಲು, 25 ಸಾವಿರ ದಂಡ. ಆ ಕಡೆಯವ್ರು ಹೆಂಗಸರು, ಅಪ್ರಾಪ್ತರು, ಎಸ್‌ಸಿ ಎಸ್‌ಟಿಯವರಾಗಿದ್ರೆ 10 ವರ್ಷದ ತನಕ ಹೋಗತ್ತೆ. ಮತ ಬದಲಾಯಿಸೋರು 30 ದಿನ ಮುಂಚೆ ಡಿಸಿ ಆಫೀಸಿಗೆ ತಿಳಿಸ್ಬೇಕು. 2023ರ ಜೂನಲ್ಲಿ ಸಚಿವ ಸಂಪುಟ ಇದನ್ನ ರದ್ದು ಮಾಡೋ ತೀರ್ಮಾನ ತಗೊಂಡಿತ್ತು, ಆದ್ರೆ ಪೇಪರ್ ಹೆಡ್‌ಲೈನ್ ನೋಡಿ ಧೈರ್ಯ ತಗೋಬೇಡಿ, ಇವತ್ತಿನ ಸ್ಥಿತಿ ಏನು ಅಂತ ವಕೀಲರ ಹತ್ರ ಕೇಳಿಕೊಳ್ಳಿ.

ನಮಗೆ ಸಂಬಂಧಪಟ್ಟಿದ್ದು ಅದರಲ್ಲಿ ಒಂದು ಪದ. ದೂರು ಯಾರು ಕೊಡಬಹುದು ಅನ್ನೋ ಪಟ್ಟಿಯಲ್ಲಿ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ನೆಂಟರು ಆದ್ಮೇಲೆ ಸಹೋದ್ಯೋಗಿನೂ ಇದ್ದಾನೆ. ಅಂದ್ರೆ ಪಕ್ಕದ ಸೀಟಿನವನೇ ಹೋಗಿ ಕಂಪ್ಲೇಂಟ್ ಬರೆಸಬಹುದು. ಹಾಗೆ ಆಮಿಷ ಅನ್ನೋದರ ಅರ್ಥದೊಳಗೆ ಉಡುಗೊರೆ, ದುಡ್ಡು, ಕೆಲ್ಸ, ಮಿಷನ್ ಸ್ಕೂಲಲ್ಲಿ ಫ್ರೀ ಓದು, ಒಳ್ಳೆ ಜೀವನದ ಭರವಸೆ ಎಲ್ಲಾ ಬರತ್ತೆ. ಹಾಗಾಗಿ ನನ್ನದು ಒಂದೇ ರೂಲು, ಯಾರಿಗಾದ್ರೂ ಸಾಲ ಕೊಟ್ರೆ, ಕೆಲ್ಸ ಕೊಡಿಸಿದ್ರೆ, ಮಗು ಫೀಸ್ ಕಟ್ಟಿದ್ರೆ, ಅವ್ರ ಹತ್ರ ನಂಬಿಕೆ ಮಾತು ನಾನಾಗೇ ಎತ್ತೋದೇ ಇಲ್ಲ. ಕಾನೂನಿಗೆ ಹೆದರಿ ಅಲ್ಲ. ಕೊಟ್ಟ ಕೈಗೆ ಇಲ್ಲ ಅನ್ನೋದು ಯಾರಿಗಾದ್ರೂ ಕಷ್ಟ.

ನಾನು ಕ್ರಿಶ್ಚಿಯನ್ ಅಂತಾನೇ ಟೀಮಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರು ನೋಡಿದ್ರೂ ಗೊತ್ತಾಗಲ್ಲ. ಹೇಳ್ಬೇಕಾ?

ಹೇಳಿ, ಆದ್ರೆ ಅನೌನ್ಸ್‌ಮೆಂಟ್ ಥರ ಬೇಡ. ಸೋಮವಾರ ಬೆಳಿಗ್ಗೆ ಟೀ ಕುಡೀತಾ "ವೀಕೆಂಡ್ ಏನ್ ಮಾಡಿದ್ರಿ" ಅಂತ ಕೇಳ್ತಾರಲ್ಲ, ಆಗ "ಏನಿಲ್ಲ ಮನೇಲೇ ಇದ್ದೆ" ಅಂತ ಸುಳ್ಳು ಹೇಳೋ ಬದ್ಲು "ಬೆಳಿಗ್ಗೆ ಚರ್ಚಿಗೆ ಹೋಗಿದ್ವಿ, ಆಮೇಲೆ ಮಾವನ ಮನೇಲಿ ಊಟ" ಅನ್ನಿ, ಮುಗೀತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವಿರೋದು 1.87 ಪರ್ಸೆಂಟ್, ಹನ್ನೊಂದು ಲಕ್ಷ ಚಿಲ್ಲರೆ. ಎಷ್ಟೋ ಜನಕ್ಕೆ ನೀವೇ ಮೊದಲನೇ ಕ್ರೈಸ್ತ ಪರಿಚಯ ಆಗಿರ್ತೀರ. ನಮ್ಮ ಶಾಪಲ್ಲಿ ಒಬ್ರು ಹಿರಿಯರು ಮೂರು ವರ್ಷ ಜೊತೇಲಿ ಊಟ ಮಾಡಿದ್ಮೇಲೆ ಕೇಳಿದ್ರು, "ನೀವು ಮನೇಲಿ ಕನ್ನಡಾನೇ ಮಾತಾಡೋದಾ?" ಅಂತ. ಮೂರು ವರ್ಷದಿಂದ ಅವ್ರ ಜೊತೆ ಯಾವ ಭಾಷೆ ಮಾತಾಡ್ತಿದ್ದೆ ನಾನು!

ಮಾತು ಶುರು ಮಾಡೋದು ಹೇಗೆ?

ಶುರು ಮಾಡ್ಬೇಡಿ ಅನ್ನೋದೇ ನನ್ನ ಉತ್ತರ. ಇದಕ್ಕೆ ಕೂಟದಲ್ಲಿ ಪ್ರತಿಸಲ ಜಗಳ ಆಗತ್ತೆ, "ಅಣ್ಣ, ಲೋಕಕ್ಕೆಲ್ಲ ಹೋಗಿ ಸಾರಿ ಅಂತ ಯೇಸು ಹೇಳಿಲ್ವಾ" ಅಂತ. ಹೇಳಿದ್ದಾರೆ. ಆದ್ರೆ ಯೇಸುವಿನ ಶಿಷ್ಯ ಪೇತ್ರ ಬರೆದಿರೋದೂ ಓದಿ, 1 ಪೇತ್ರ 3:15, ನಿಮ್ಮಲ್ಲಿರೋ ನಿರೀಕ್ಷೆಗೆ ಕಾರಣ ಏನು ಅಂತ ಕೇಳೋರಿಗೆ ಉತ್ತರ ಕೊಡೋಕೆ ಯಾವಾಗ್ಲೂ ರೆಡಿ ಇರಿ, ಅದೂ ಸಾತ್ವಿಕವಾಗಿ. ಕೇಳೋರಿಗೆ. ಮೊದ್ಲು ಕೇಳೋ ಹಾಗೆ ಬದುಕ್ಬೇಕಲ್ಲ, ಅದೇ ಕಷ್ಟದ ಭಾಗ, ಅದನ್ನ ತಪ್ಪಿಸ್ಕೊಳ್ಳೋಕೇ ನಾವು ಕರಪತ್ರ ಹಿಡ್ಕೊಂಡು ಓಡೋದು.

ಊರೂರು ತಿರುಗಿ ಯೇಸುವಿನ ಬಗ್ಗೆ ಸಾರಿದ ಪೌಲ ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲ ದಂಪತಿ ಜೊತೆ ಡೇರೆ ಹೊಲಿಯೋ ಕೆಲ್ಸ ಮಾಡ್ತಿದ್ದ ಅಂತ ಅಪೊಸ್ತಲರ ಕೃತ್ಯಗಳು 18ರಲ್ಲಿದೆ. ಕೆಲ್ಸದ ಜಾಗ ನಮಗೆ ಹೊಸದೇನಲ್ಲ. ಬೈಬಲಲ್ಲಿ ಕುಷ್ಠ ಬಂದ ಸೇನಾಪತಿ ನಾಮಾನನ ಕಥೆಯಲ್ಲಿ ಸೆರೆಯಾಗಿ ಬಂದ ಆ ಪುಟ್ಟ ಹುಡುಗಿ ಒಂದೇ ಒಂದು ಮಾತು ಹೇಳ್ತಾಳೆ, ನಮ್ಮ ದಣಿ ಸಮಾರ್ಯದ ಪ್ರವಾದಿ ಹತ್ರ ಹೋಗಿದ್ರೆ ವಾಸಿ ಆಗ್ತಿತ್ತು ಅಂತ, ಅಷ್ಟೇ, ಅವಳ ಹೆಸರೂ ಬರೆದಿಲ್ಲ. ಕೆಲ್ಸದ ಮನೇಲಿ ಇದ್ದವಳು ಅವಳು. ಯಜಮಾನಂಗೆ ಕಾಯಿಲೆ ಇದೆ ಅಂತ ಸಂಕಟ ಪಟ್ಟು ಹೇಳಿದ್ಲು, ಟಾರ್ಗೆಟ್ ಇಟ್ಕೊಂಡಲ್ಲ.

ನಿಮ್ಮ ರಿಪೋರ್ಟ್ ಟೈಮಿಗೆ ಕೊಡಿ, ಮೆಟೀರಿಯಲ್ ಶಾರ್ಟೇಜ್ ಬಂದ್ರೆ ಬೇರೆ ಶಿಫ್ಟ್ ಮೇಲೆ ಹಾಕ್ಬೇಡಿ, ಓಟಿ ಸುಳ್ಳು ಬರೀಬೇಡಿ. ಶಿಫ್ಟ್ ಮಧ್ಯೆ ಬೈಬಲ್ ಓದ್ತಾ ಕೂತು ಪ್ರೊಡಕ್ಷನ್ ಕಮ್ಮಿ ಮಾಡೋನ ಬಾಯಲ್ಲಿ ಯೇಸು ಹೆಸರು ಬಂದ್ರೆ ಆ ಹೆಸರಿಗೇ ಅವಮಾನ.

ಅವರಾಗೇ ಕೇಳಿದ್ರು. ಈಗ ಏನ್ ಹೇಳ್ಲಿ?

ಚರ್ಚ್ ಕನ್ನಡ ಬಿಟ್ಟು ಮಾತಾಡಿ, ಅದು ಮೊದಲನೇದು. ನಾವು ಹುಟ್ಟಿದಾಗಿಂದ ಕೇಳಿರೋ ಪದಗಳು ಹೊರಗಿನವರ ಕಿವಿಗೆ ಬೇರೆನೇ ಕೇಳತ್ತೆ. "ನೀವು ರಕ್ಷಣೆ ಹೊಂದಿದ್ದೀರಾ" ಅಂತ ಒಬ್ಬ ಹುಡುಗ ನಮ್ಮ ಕ್ಯಾಂಟೀನಲ್ಲಿ ಕೇಳ್ಬಿಟ್ಟ, ಎದುರಿಗಿದ್ದವ್ರು ಇವನೇನೋ ಪಾಲಿಸಿ ಮಾರೋಕೆ ಬಂದಿದ್ದಾನೆ ಅಂದ್ಕೊಂಡು "ಎಲ್‌ಐಸಿ ಇದೆಯಪ್ಪ, ಕಂಪನಿಯಿಂದ ಇಎಸ್‌ಐನೂ ಇದೆ" ಅಂದ್ರು. ಸಾಕ್ಷಿ ಹೇಳ್ತೀನಿ ಅಂದ್ರೆ ಕೋರ್ಟ್ ನೆನಪಾಗತ್ತೆ. ಪಾಪಿ ಅನ್ನೋದು ನಮಗೆ ನಮ್ಮ ಬಗ್ಗೆ ಹೇಳ್ಕೊಳ್ಳೋ ಮಾತು, ಬೀದೀಲಿ ಅದು ಬೈಗುಳ, "ಪಾಪಿ ಮುಂಡೇದೆ" ಅಂತಾರಲ್ಲ. ಆತ್ಮಗಳನ್ನ ಗೆಲ್ಲೋದು ಅಂತೂ ದಯವಿಟ್ಟು ಎಲ್ಲೂ ಹೇಳ್ಬೇಡಿ, ದೆವ್ವದ ವಿಷ್ಯ ಅನ್ಕೋತಾರೆ. ನಮ್ಮೊಳಗೇ ಸುವಾರ್ತೆ ಅನ್ನೋದನ್ನ ಕಥೋಲಿಕರು ಶುಭಸಂದೇಶ ಅಂತಾರೆ, ನಾವು ಅಯ್ಯನವ್ರು ಅನ್ನೋರನ್ನ ಅವ್ರು ಸ್ವಾಮಿಗಳು ಅಂತಾರೆ, ಇನ್ನು ಹೊರಗಿನವರ ಪಾಡೇನು.

ಎರಡನೇದು, ಕೇಳಿದಷ್ಟಕ್ಕೆ ಮಾತ್ರ ಹೇಳಿ. "ನೀವು ಯಾಕೆ ಶುಕ್ರವಾರ ಊಟ ಮಾಡಲ್ಲ" ಅಂತ ಕೇಳಿದ್ರೆ ತಪಸ್ಸು ಕಾಲ ನಡೀತಿದೆ, ನಲವತ್ತು ದಿನ, ಆಮೇಲೆ ಈಸ್ಟರ್ ಅನ್ನಿ ಸಾಕು. ಆದಾಮನಿಂದ ಶುರು ಮಾಡಿ ಬೈಬಲಿನ ಕೊನೇ ಪುಸ್ತಕ ಪ್ರಕಟಣೆ ತನಕ ಹೋಗ್ಬೇಡಿ, ಅವ್ರ ಹತ್ರ ಇರೋದು ಇಪ್ಪತ್ತು ನಿಮಿಷ ಬ್ರೇಕು, ಅದರಲ್ಲಿ ಕೈ ತೊಳೆಯೋಕೆ ಐದು ನಿಮಿಷ ಹೋಗಿರತ್ತೆ.

ಮೂರನೇದು, ಬೇರೆಯವರ ದೇವರ ಬಗ್ಗೆ ಒಂದು ಮಾತೂ ಬೇಡ. ಬೇಕಂತ ಧಾರ್ಮಿಕ ಭಾವನೆ ಕೆರಳಿಸೋದು ಈಗಿನ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಪ್ರಕಾರ ಅಪರಾಧ, ಹಳೇ ಐಪಿಸಿಯಲ್ಲಿ ಅದು 295ಎ. ಆದ್ರೆ ಸೆಕ್ಷನ್ ಇರ್ಲಿ ಇಲ್ದಿರ್ಲಿ, ಪೌಲ ಅಥೇನೆಯಲ್ಲಿ ವಿಗ್ರಹ ತುಂಬಿದ ಊರು ನೋಡಿ ಒಳಗೇ ಕುದ್ದ, ಆದ್ರೂ ಬಾಯಿ ಬಿಟ್ಟಾಗ ನೀವು ತುಂಬಾ ದೈವಭಕ್ತರು ಅಂತಾನೇ ಶುರು ಮಾಡಿದ್ದು.

"ಎಲ್ಲಾ ದೇವ್ರೂ ಒಂದೇ ಅಲ್ವಾ ಸಾರ್" ಅಂತಾರೆ. ಹೌದು ಅಂದ್ರೆ ಸುಳ್ಳು, ಇಲ್ಲ ಅಂದ್ರೆ ಜಗಳ.

ಇದನ್ನ ಅವ್ರು ಪ್ರಶ್ನೆಯಾಗಿ ಕೇಳ್ತಿಲ್ಲ ಅನ್ನೋದು ಮೊದ್ಲು ಅರ್ಥ ಮಾಡ್ಕೊಳ್ಳಿ. ಅದು ಸ್ನೇಹದ ಮಾತು, ನಾನು ನಿನ್ನ ದೂರ ಇಡಲ್ಲ ಅಂತ ಹೇಳ್ತಿರೋದು. ಅದಕ್ಕೆ ಪಟ್ ಅಂತ "ನಾನೇ ಮಾರ್ಗವೂ ಸತ್ಯವೂ ಜೀವವೂ" ವಚನ ಎಸೆದ್ರೆ ಕೈ ಕುಲುಕೋಕೆ ಬಂದವನ ಕೈ ತಿರುಚಿದ ಹಾಗೆ. ನಾನು ಸಾಮಾನ್ಯವಾಗಿ "ಒಂದೇನಾ ಅಂತ ನಂಗೆ ಹಾಗನ್ಸಲ್ಲ ಅಣ್ಣ, ಆದ್ರೆ ನಾವಿಬ್ರೂ ಅದರ ಬಗ್ಗೆ ಜಗಳ ಆಡ್ಬೇಕಾಗಿಲ್ಲ" ಅಂತೀನಿ. ಒಂದ್ಸಲ ನಮ್ಮ ಪ್ಲಾನಿಂಗ್‌ನವ್ರು ಬಿಡ್ಲಿಲ್ಲ, ಹಾಗಾದ್ರೆ ಏನ್ ವ್ಯತ್ಯಾಸ ಹೇಳು ಅಂದ್ರು. ಯೋಚ್ನೆ ಮಾಡಿ ಹೇಳ್ದೆ, ನಾನು ಒಳ್ಳೆಯವನಾದ್ಮೇಲೆ ದೇವರ ಹತ್ರ ಹೋಗೋದಲ್ಲ ನಮ್ಮಲ್ಲಿ, ನಾನು ಕೆಟ್ಟವನಾಗಿರುವಾಗ್ಲೇ ಅವನು ಹುಡುಕ್ಕೊಂಡು ಬಂದ ಅಂತ ನಾವು ನಂಬ್ತೀವಿ, ಮಗ ಓಡಿಹೋಗಿ ಆಸ್ತಿ ಹಾಳು ಮಾಡಿ ಬಂದ್ರೂ ಅಪ್ಪ ರಸ್ತೆಗೆ ಓಡಿಬಂದು ತಬ್ಬಿಕೊಂಡ ಕಥೆ ಇದೆ ಲೂಕ 15ರಲ್ಲಿ ಅಂತ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ನಮ್ಮಪ್ಪ ಆಗಿದ್ರೆ ಚಪ್ಪಲಿ ತಗೋತಿದ್ರು" ಅಂದ್ರು. ಇಬ್ರೂ ನಕ್ವಿ. ಅವ್ರ ಅಪ್ಪ ಮತ್ತೆ ಅವ್ರು ಮಾತು ಬಿಟ್ಟು ಆರು ವರ್ಷ ಆಗಿತ್ತು ಅಂತ ನಂಗೆ ಆಮೇಲೆ ಗೊತ್ತಾಯ್ತು.

"ಎಷ್ಟು ಕೊಟ್ರು ನಿಮಗೆ?", "ಬ್ರಿಟಿಷರ ಧರ್ಮ ಅಲ್ವಾ ಅದು?" ಅಂತ ಚುಚ್ತಾರೆ.

ಮೊದಲನೇದಕ್ಕೆ ನಗೋದೇ ಒಳ್ಳೆ ಉತ್ತರ. ನಮ್ಮಪ್ಪ ಸತ್ತಾಗ ಬಿಟ್ಟು ಹೋಗಿದ್ದು ಒಂದು ಸೈಕಲ್, ಒಂದು ಹಳೇ ಗೀತಪುಸ್ತಕ. ಕೊಟ್ಟಿದ್ರೆ ಪೀಣ್ಯದಲ್ಲಿ ಯಾಕಿರ್ತಿದ್ದೆ.

ಎರಡನೇದಕ್ಕೆ ಸ್ವಲ್ಪ ಚರಿತ್ರೆ ಗೊತ್ತಿದ್ರೆ ಒಳ್ಳೇದು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಅಂದ್ರೆ ಆಗ್ತಿರ್ಲಿಲ್ಲ, ವ್ಯಾಪಾರ ಕೆಡತ್ತೆ ಅಂತ ಬಿಟ್ಟುಕೊಳ್ತಿರ್ಲಿಲ್ಲ, 1813ರ ಚಾರ್ಟರ್ ಕಾಯ್ದೆ ಆದ್ಮೇಲೇನೇ ಬಾಗಿಲು ತೆಗೆದಿದ್ದು. ಕೇರಳದ ಸಿರಿಯನ್ ಕ್ರೈಸ್ತರು ಬ್ರಿಟಿಷರಿಗಿಂತ ಎಷ್ಟೋ ಶತಮಾನ ಹಿಂದಿನವರು. ನಮ್ಮ ಕಡೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್, ಸ್ವಿಸ್ ಜನ. ಅವ್ರಲ್ಲಿ ಮೊಗ್ಲಿಂಗ್ ಅನ್ನೋರು 1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರ ತಂದ್ರು, ಕನ್ನಡದ ಮೊದಲ ಪತ್ರಿಕೆ, ಈಗ್ಲೂ ಆ ದಿನವೇ ನಮ್ಮ ಪತ್ರಿಕಾ ದಿನ. ಅದೇ ಮಿಷನ್‌ನ ಕಿಟೆಲ್ ಅವ್ರ ಕನ್ನಡ ನಿಘಂಟು 1894ರದ್ದು. ಆದ್ರೆ ಇದನ್ನ ಎದೆ ತಟ್ಟಿ ಹೇಳ್ಬೇಡಿ, ನಿಘಂಟು ಬರೆದಿದ್ದಕ್ಕೂ ನೀವು ಇವತ್ತು ಹೇಗಿದ್ದೀರ ಅನ್ನೋದಕ್ಕೂ ಸಂಬಂಧ ಇಲ್ಲ ಅಂತ ಎದುರಿನವ್ರು ಹೇಳಿದ್ರೆ ಉತ್ತರ ಇರಲ್ಲ.

ಆಯುಧ ಪೂಜೆ ದಿನ ಏನ್ ಮಾಡೋದು?

ಇದು ನಂಗೆ ಅತಿ ಹೆಚ್ಚು ಬರೋ ಪ್ರಶ್ನೆ. ಐಟಿಯವ್ರು ಲ್ಯಾಪ್‌ಟಾಪಿಗೆ ಕುಂಕುಮ ಇಡೋದು ನೋಡಿ ಗಾಬರಿ ಆಗ್ತಾರೆ, ಫ್ಯಾಕ್ಟರಿಯಲ್ಲಿ ಅದು ವರ್ಷದ ದೊಡ್ಡ ಹಬ್ಬ.

ನಮ್ಮಲ್ಲಿ ಹಿಂದಿನ ದಿನ ಮಧ್ಯಾಹ್ನಕ್ಕೇ ಪ್ರೊಡಕ್ಷನ್ ನಿಲ್ಲತ್ತೆ. ಕಾಟನ್ ವೇಸ್ಟ್, ಸೀಮೆಎಣ್ಣೆ ತಗೊಂಡು ಒಂದೊಂದು ಮಷಿನ್ನೂ ಉಜ್ಜಿ, ಬೆಡ್ ಕೆಳಗೆ ವರ್ಷದಿಂದ ಕೂತಿರೋ ಲೋಹದ ಚಿಪ್ಸ್ ಬಾಚಿ, ಕೂಲೆಂಟ್ ಟ್ಯಾಂಕ್ ತೊಳೆದು, ನೆಲಕ್ಕೆ ನೀರು ಹೊಯ್ದು, ಆಮೇಲೆ ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವಿನ ಹಾರ. ಮಾರನೇ ದಿನ ಪೂಜೆ, ಬೂದುಗುಂಬಳ ಒಡೆಯೋದು, ಫೋರ್ಕ್‌ಲಿಫ್ಟ್ ಚಕ್ರದ ಕೆಳಗೆ ನಿಂಬೆಹಣ್ಣು, ಕಡ್ಲೆಪುರಿ, ಸ್ವೀಟ್ ಬಾಕ್ಸ್.

ಮೊದಲನೇ ವರ್ಷ ನಾನು ರಜೆ ಹಾಕ್ದೆ. ಹುಷಾರಿಲ್ಲ ಅಂತ ಸುಳ್ಳು ಬೇರೆ. ಎರಡನೇ ವರ್ಷನೂ ಅದೇ. ಮೂರನೇ ವರ್ಷ ನಮ್ಮ ಹಳೇ ಆಪರೇಟರ್ ಒಬ್ರು, ನಂಗೆ ಲೇತ್ ಕಲಿಸಿದವ್ರು, ಹಿಂದಿನ ದಿನ ಗೇಟ್ ಹತ್ರ ಹಿಡಿದು, "ನಾಳೆ ನಿಂಗೆ ಜ್ವರ ಬರತ್ತೆ ಅಂತ ಗೊತ್ತು, ಆರತಿ ತಗೋಬೇಡ, ಯಾರು ಬಲವಂತ ಮಾಡ್ತಾರೆ, ಆದ್ರೆ ಮಷಿನ್ ತೊಳೆಯೋಕಾದ್ರೂ ಇರು ಮಾರಾಯ, ನಿನ್ ಮಷಿನ್ ನಾನು ತೊಳೀತಿದ್ದೀನಿ ಎರಡು ವರ್ಷದಿಂದ" ಅಂದ್ರು. ನಾಚಿಕೆ ಆಗಿ ನೆಲ ನೋಡ್ಕೊಂಡು ನಿಂತೆ. ನನ್ನ ಭಕ್ತಿ ಉಳಿಸೋಕೆ ಅರವತ್ತರ ಹತ್ರದ ಮನುಷ್ಯ ಮಂಡಿ ಊರಿ ನನ್ನ ಚಿಪ್ಸ್ ಬಾಚ್ತಿದ್ರು.

ಆವತ್ತಿಂದ ನಾನಿರ್ತೀನಿ. ತೊಳೆಯೋದರಲ್ಲಿ ಮೊದಲಿಗ, ಹೂವಿನ ಮೂಟೆ ಸಿಟಿ ಮಾರ್ಕೆಟ್ಟಿಂದ ತರೋದೂ ನಾನೇ. ಮಂಗಳಾರತಿ ಟೈಮಲ್ಲಿ ಹಿಂದೆ ಸುಮ್ನೆ ನಿಲ್ತೀನಿ, ಕೈ ಮುಗಿಯಲ್ಲ, ಆರತಿ ತಗೊಳ್ಳಲ್ಲ, ಮುಖನೂ ಸಿಂಡರಿಸಲ್ಲ. ಮುಗಿದ್ಮೇಲೆ ಕಡ್ಲೆಪುರಿ ಹಂಚೋಕೆ ನಿಲ್ತೀನಿ. ಒಂದ್ವರ್ಷ ಆ ಹಳೇ ಆಪರೇಟರೇ ಕೇಳಿದ್ರು, ನಿಮ್ಮಲ್ಲಿ ಆಯುಧಕ್ಕೆ ಏನೂ ಮಾಡಲ್ವಾ ಅಂತ. ಬೈಬಲಿನ ಯೆಶಾಯ ಪುಸ್ತಕದಲ್ಲಿ ಒಂದು ಮಾತಿದೆ, ಒಂದು ದಿನ ಬರತ್ತೆ, ಜನ ಕತ್ತಿಗಳನ್ನ ಕುಲುಮೆಗೆ ಹಾಕಿ ನೇಗಿಲಿನ ಗುಳ ಮಾಡ್ತಾರೆ, ಈಟಿಗಳನ್ನ ಕುಡುಗೋಲು ಮಾಡ್ತಾರೆ ಅಂದೆ. ಅವ್ರ ಊರಲ್ಲಿ ಅವ್ರಪ್ಪ ಕಮ್ಮಾರಿಕೆ ಮಾಡ್ತಿದ್ರಂತೆ. "ಕತ್ತಿ ಉಕ್ಕು ಗುಳಕ್ಕೆ ತೆಳ್ಳಗಾಗತ್ತೆ, ಎರಡು ಮೂರು ಸೇರಿಸಿ ಬಡೀಬೇಕು" ಅಂತ ಶುರು ಮಾಡಿ ಅರ್ಧ ಗಂಟೆ ಹೇಳಿದ್ರು. ಆ ವಚನದ ಮೇಲೆ ಅಷ್ಟು ಒಳ್ಳೆ ಪ್ರಸಂಗ ನಾನು ಯಾವ ಚರ್ಚಲ್ಲೂ ಕೇಳಿಲ್ಲ.

ನಿಮ್ಮ ಸಭೆ ಇದಕ್ಕಿಂತ ಬಿಗಿ ಇದ್ದು ಒಳಗೆ ನಿಲ್ಲೋದೂ ಬೇಡ ಅಂದ್ರೆ, ಸುಳ್ಳು ಜ್ವರ ಹಾಕ್ಬೇಡಿ, ಮ್ಯಾನೇಜರ್ ಹತ್ರ ನೇರ ಹೇಳಿ. ಹಿಂದಿನ ದಿನ ಮಾತ್ರ ತೊಳೆಯೋಕೆ ಹೋಗಿ.

ಪ್ರಸಾದ ಕೊಟ್ರೆ?

ಪೌಲ 1 ಕೊರಿಂಥ 8ರಿಂದ 10ರ ತನಕ ಇದನ್ನೇ ಬರೆದಿದ್ದಾನೆ, ಉತ್ತರ ಒಂದು ಸಾಲಲ್ಲಿಲ್ಲ. ಸಂತೇಲಿ ಮಾರಿದ್ದನ್ನ ಪ್ರಶ್ನೆ ಕೇಳ್ದೆ ತಿನ್ನಿ ಅಂತಾನೆ, ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದ್ರೂ ತೋರಿಸಿ ಹೇಳಿದ್ರೆ ಆ ಮನುಷ್ಯನ ಸಲುವಾಗಿ ತಿನ್ಬೇಡಿ ಅಂತಾನೆ. ಸಭೆ ಸಭೆಗೂ ಅಭಿಪ್ರಾಯ ಬೇರೆ. ನಾನು ಎರಡೂ ಕೈಯಲ್ಲಿ ತಗೊಂಡು, ತಿನ್ನದೆ, ಪಕ್ಕದಲ್ಲಿರೋ ಭಕ್ತರಿಗೆ ಕೊಡ್ತೀನಿ, ಅವ್ರಿಗೆ ಡಬಲ್ ಸಿಕ್ಕ ಖುಷಿ. ಆದ್ರೆ ಕೆಲವ್ರು ಡಸ್ಟ್‌ಬಿನ್ನಿಗೆ ಹಾಕೋದು ನೋಡಿದ್ದೀನಿ, ಅದು ಅನ್ಯಾಯ.

ಜೊತೆಯವರ ಮನೇಲಿ ಕಷ್ಟ ಬಂದಾಗ ಪ್ರಾರ್ಥನೆ ಮಾಡ್ಬಹುದಾ?

ಮನಸ್ಸಲ್ಲಿ ಯಾರಿಗೆ ಬೇಕಾದ್ರೂ ಮಾಡಿ, ಪರ್ಮಿಷನ್ ಬೇಡ. ಬಾಯಿಬಿಟ್ಟು ಮಾಡೋ ಮುಂಚೆ ಕೇಳಿ. ನಾನು ಕೇಳದೆ ಮಾಡಿ ಪಾಠ ಕಲಿತೆ. ಜೊತೇಲಿ ಕೆಲ್ಸ ಮಾಡೋರೊಬ್ಬರ ತಂದೆ ಆಸ್ಪತ್ರೇಲಿದ್ರು, ನೋಡೋಕೆ ಹೋದವನು ಹಾಸಿಗೆ ಪಕ್ಕ ನಿಂತು ತಲೆ ಮೇಲೆ ಕೈಯಿಟ್ಟು ಜೋರಾಗಿ ಶುರು ಮಾಡ್ಬಿಟ್ಟೆ. ವಾರ್ಡಲ್ಲಿ ಎಲ್ರೂ ತಿರುಗಿ ನೋಡಿದ್ರು. ಅವ್ರ ತಾಯಿ ಮೆತ್ತಗೆ "ಅಪ್ಪಾ, ನಿದ್ದೆ ಮಾಡ್ತಿದ್ದಾರೆ" ಅಂದ್ರು. ಅಷ್ಟೇ ಅಂದಿದ್ದು. ಇವತ್ತಿಗೂ ಆ ದನಿ ಕಿವೀಲಿದೆ. ಆವತ್ತು ಅವ್ರಿಗೆ ಬೇಕಾಗಿದ್ದು ಬ್ಲಡ್ ಬ್ಯಾಂಕಿಗೆ ಓಡಾಡೋ ಒಬ್ಬ ಮನುಷ್ಯ, ನಂಗದು ಹೊಳೀಲೇ ಇಲ್ಲ.

ವಾಸಿ ಆಗತ್ತೆ ಅಂತ ಮಾತು ಕೊಡ್ಬೇಡಿ. ಮಾತ್ರೆ ನಿಲ್ಲಿಸಿ ಅಂತ ಯಾರಾದ್ರೂ ನಮ್ಮವ್ರು ಹೇಳಿದ್ರೆ ಅಲ್ಲೇ ತಡೀರಿ.

ನನ್ನ ಕೈಕೆಳಗೆ ಕೆಲ್ಸ ಮಾಡೋರ ಹತ್ರ?

ಬೇಡ. ಇದರಲ್ಲಿ ನಾನು ಪೂರ್ತಿ ಕಟ್ಟುನಿಟ್ಟು. ಸೂಪರ್‌ವೈಸರ್ ಆದ ಹೊಸದರಲ್ಲಿ ಒಬ್ಬ ಟ್ರೈನಿ ಹುಡುಗಂಗೆ ಪಾಕೆಟ್ ಸೈಜಿನ ಹೊಸ ಒಡಂಬಡಿಕೆ (ಬೈಬಲಿನ ಎರಡನೇ ಭಾಗ) ಕೊಟ್ಟೆ, ಖುಷಿಯಿಂದ ತಗೊಂಡ, ಓದ್ತಿದ್ದೀನಿ ಸರ್ ಅಂತಾನೂ ಹೇಳ್ತಿದ್ದ. ಕಂಪನಿ ಬಿಟ್ಟು ಹೋಗುವಾಗ ವಾಪಸ್ ತಂದುಕೊಟ್ಟು, "ಸರ್ ತಪ್ಪು ತಿಳ್ಕೋಬೇಡಿ, ನನ್ನ ಅಟೆಂಡೆನ್ಸ್ ನಿಮ್ಮ ಕೈಯಲ್ಲಿತ್ತಲ್ಲ" ಅಂದ. ಪುಸ್ತಕದ ಮೊದಲ ಹಾಳೆನೂ ಮಡಚಿರ್ಲಿಲ್ಲ.

ಇದು ನಮ್ಮ ಹಳೇ ಗಂಟು. ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದವರನ್ನ ಮನೆ, ಜಾತಿ, ಕುಲಕಸುಬಿಂದ ಹೊರಗೆ ಹಾಕ್ತಿದ್ರು, ಅವ್ರ ಹೊಟ್ಟೆಪಾಡಿಗೆ ಅಂತ ನೇಯ್ಗೆ ಶುರುವಾಯ್ತು, 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಬಂತು. ಬೇರೆ ದಾರಿ ಇರ್ಲಿಲ್ಲ ಅನ್ನೋದು ನಿಜ. ಆದ್ರೆ ಸಂಬಳ ಕೊಡೋದೂ ಮಿಷನ್, ಪ್ರಾರ್ಥನೆಗೆ ಕರೆಯೋದೂ ಮಿಷನ್ ಆದ್ಮೇಲೆ ಯಾರು ಯಾಕೆ ಬಂದ್ರು ಅಂತ ಬಂದವನೇ ಬಿಡಿಸಿ ಹೇಳೋದು ಕಷ್ಟ. ಬಾಸ್ ಆದವನು ಅದೇ ಕಾರ್ಖಾನೆನ ಚಿಕ್ಕದಾಗಿ ಕಟ್ತಿರ್ತಾನೆ.

ಟೀಮ್ ವಾಟ್ಸಾಪ್ ಗ್ರೂಪಲ್ಲಿ ದಿನಕ್ಕೊಂದು ವಚನ ಹಾಕ್ಬಹುದಾ?

ಬೇಡ. ಅಲ್ಲಿ ಶಿಫ್ಟ್ ಚೇಂಜ್ ಹುಡುಕೋಕೆ ಬಂದವ್ರು ನಿಮ್ಮ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ದಾಟಿ ಹೋಗ್ಬೇಕು. ಸ್ಟೇಟಸ್ ನಿಮ್ಮ ಸ್ವಂತದ್ದು, ಹಾಕಿ.

ಬೈಬಲ್ ಕೇಳಿದ್ರು. ಯಾವುದು ಕೊಡ್ಲಿ?

ಇಡೀ ದಪ್ಪ ಪುಸ್ತಕ ಕೊಡ್ಬೇಡಿ, ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದಲ್ಲಿ ನಿಂತ್ಬಿಡ್ತಾರೆ. ಯೇಸುವಿನ ಜೀವನ ಹೇಳೋ ಮಾರ್ಕನ ಸುವಾರ್ತೆ ಒಂದೇ ಪುಸ್ತಕವಾಗಿ ಸಿಗತ್ತೆ, ಹದಿನಾರೇ ಅಧ್ಯಾಯ, ಒಂದು ಭಾನುವಾರ ಮಧ್ಯಾಹ್ನ ಮುಗಿಸಬಹುದು. ಹಳೇ ಅನುವಾದದ "ಮಾಡಿರಿ, ಹೋಗಿರಿ" ಕನ್ನಡ ನಮಗೆ ಅಮ್ಮನ ದನಿ ಥರ, ಹೊಸಬರಿಗೆ ನಾಟಕದ ಡೈಲಾಗ್ ಥರ ಇರತ್ತೆ, ಈಗಿನ ಸರಳ ಕನ್ನಡದ್ದು ಕೊಡಿ. ಫೋನಲ್ಲಿ ಆ್ಯಪ್ ತೋರಿಸಿದ್ರೂ ಸಾಕು, ಮನೆಯವ್ರ ಕಣ್ಣಿಗೆ ಬೀಳೋ ತಾಪತ್ರಯ ಇಲ್ಲ. ಕೊಟ್ಮೇಲೆ "ಓದಿದ್ರಾ ಓದಿದ್ರಾ" ಅಂತ ಫಾಲೋಅಪ್ ಮಾಡ್ಬೇಡಿ.

ಚರ್ಚಿಗೆ ಬರ್ತೀನಿ, ದೀಕ್ಷಾಸ್ನಾನ ತಗೋತೀನಿ ಅಂದ್ರೆ?

ಚರ್ಚಿಗೆ ಬರೋದು ಸುಲಭ, ಕರ್ಕೊಂಡು ಹೋಗಿ ಪಕ್ಕ ಕೂರಿಸ್ಕೊಳ್ಳಿ, ಯಾವಾಗ ಎದ್ದು ನಿಲ್ಬೇಕು ಯಾವಾಗ ಕೂರ್ಬೇಕು ಮೆಲ್ಲಗೆ ಹೇಳಿ, ಕಾಣಿಕೆ ಚೀಲ ಬಂದಾಗ ಹಾಕ್ಲೇಬೇಕು ಅಂತಿಲ್ಲ ಅಂತ ಮುಂಚೇನೇ ಹೇಳ್ಬಿಡಿ.

ದೀಕ್ಷಾಸ್ನಾನದ ವಿಷ್ಯ ಅಯ್ಯನವ್ರಿಗೆ ಬಿಡಿ, ಆತುರ ಬೇಡ, ಮನೆಯವ್ರಿಗೆ ತಿಳಿಸಿ ಆಗೋ ಹಾಗಿದ್ರೆ ಅದೇ ಒಳ್ಳೇದು. ಆದ್ರೆ ಒಂದು ಸತ್ಯ ಗೆಳೆಯನಾಗಿ ನೀವೇ ಹೇಳ್ಬೇಕು, ತುಂಬಾ ಜನ ನಮ್ಮವ್ರು ಮುಚ್ಚಿಡ್ತಾರೆ. ಅವ್ರು ಎಸ್‌ಸಿ ಆಗಿದ್ರೆ, 1950ರ ಆದೇಶದ ಪ್ರಕಾರ ಆ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಾದ್ರೆ ಹೋಗತ್ತೆ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿದ್ರು, ನಮ್ಮನ್ನ ಸೇರಿಸಿಲ್ಲ. 2024ರ ನವೆಂಬರಲ್ಲಿ ಪುದುಚೇರಿಯ ಒಂದು ಕೇಸಲ್ಲಿ, ಕ್ರೈಸ್ತ ನಂಬಿಕೆ ಪಾಲಿಸ್ತಾ ಕೆಲ್ಸಕ್ಕೋಸ್ಕರ ಎಸ್‌ಸಿ ಸರ್ಟಿಫಿಕೇಟ್ ಕೇಳಿದ್ರೆ ಕೊಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಎಸ್‌ಟಿಗೆ ಈ ನಿಯಮ ಇಲ್ಲ. ಇದು ಅನ್ಯಾಯ ಅಂತ ನಾನೂ ಹೇಳ್ತೀನಿ, ಚರ್ಚಲ್ಲೇ ಜಾತಿ ಸತ್ತಿಲ್ಲ, ಇನ್ನು ಬೀದೀಲಿ ಎಲ್ಲಿ ಸಾಯತ್ತೆ. ಆದ್ರೆ ಅವ್ರ ಮಗಳ ಸೀಟು, ಅವ್ರ ಪ್ರಮೋಷನ್ನು ಇದರಲ್ಲಿದೆ ಅಂತ ಗೊತ್ತಿಲ್ಲದೆ ನೀರಿಗೆ ಇಳಿಸೋದು ಮೋಸ. ಬುರುಜು ಕಟ್ಟೋನು ಮೊದ್ಲು ಕೂತು ಖರ್ಚು ಲೆಕ್ಕ ಹಾಕಲ್ವಾ ಅಂತ ಯೇಸುನೇ ಕೇಳಿದ್ದು.

ನಾನು ಗಲ್ಫಲ್ಲಿ ಇದ್ದೀನಿ.

ಹಾಗಾದ್ರೆ ಇದರಲ್ಲಿ ಅರ್ಧ ನಿಮಗೆ ಹೊಂದಲ್ಲ. ಅಲ್ಲಿ ಹೆಚ್ಚಿನ ದೇಶಗಳಲ್ಲಿ ಮುಸ್ಲಿಮರಿಗೆ ಬೇರೆ ಧರ್ಮ ಪ್ರಚಾರ ಮಾಡೋದು ಅಪರಾಧ, ವೀಸಾ ಅಷ್ಟೇ ಅಲ್ಲ, ಜೈಲಿಗೂ ಹೋಗತ್ತೆ. ದುಬೈ, ಕುವೈತಲ್ಲಿ ಚರ್ಚ್ ಕಾಂಪೌಂಡ್ ಒಳಗೆ ಆರಾಧನೆ ಇದೆ, ಸೌದಿಯಲ್ಲಿ ಅದೂ ಇಲ್ಲ. ಅಲ್ಲಿನ ನಿಮ್ಮ ಸಭೆಯ ಹಿರಿಯರ ಮಾತು ಕೇಳಿ, ಪೀಣ್ಯದವನ ಮಾತಲ್ಲ.

ಹತ್ತು ವರ್ಷ ಆಯ್ತು, ಒಬ್ರೂ ನಂಬಿಲ್ಲ. ಫೇಲಾದ್ನಾ?

ನಂದು ಹದಿನೇಳು. ಲೆಕ್ಕ ಕೇಳಿದ್ರೆ ನಂದೂ ಸೊನ್ನೆ. ಆ ಹಳೇ ಆಪರೇಟರ್ ರಿಟೈರ್ ಆಗಿ ಈಗ ಊರಲ್ಲಿದ್ದಾರೆ, ಶನಿವಾರ ಆಂಜನೇಯನ ಗುಡಿ ತಪ್ಪಿಸಲ್ಲ. ಪ್ರತಿ ಈಸ್ಟರ್‌ಗೆ, ಅಂದ್ರೆ ಯೇಸು ಸತ್ತು ಮತ್ತೆ ಎದ್ದ ಹಬ್ಬಕ್ಕೆ, ಬೆಳಿಗ್ಗೆ ಆರು ಗಂಟೆಗೇ ಫೋನ್ ಬರತ್ತೆ, "ಎದ್ನೇನೋ ನಿಮ್ಮ ಸ್ವಾಮಿ" ಅಂತ. ಎದ್ದ ಅಣ್ಣ ಅಂತೀನಿ. "ಸರಿ, ನೀನೂ ಏಳು" ಅಂತ ಇಡ್ತಾರೆ. ಇದನ್ನ ಯಾವ ಕಾಲಮ್ಮಲ್ಲಿ ಬರೀಬೇಕೋ ನಂಗೊತ್ತಿಲ್ಲ. ಅವ್ರು ಯಾವತ್ತೂ ನಂಬದೇ ಇದ್ರೂ ಆ ಫೋನ್ ಬರ್ತಿರ್ಲಿ ಅಂತಾನೇ ನನ್ನ ಆಸೆ.

ಕ್ರಿಸ್‌ಮಸ್‌ಗೆ ಆಫೀಸಿಗೆ ಏನ್ ತಗೊಂಡು ಹೋಗ್ಲಿ?

ಕೇಕ್ ಎರಡು ಥರ ತನ್ನಿ, ಮೊಟ್ಟೆದು ಒಂದು, ಎಗ್‌ಲೆಸ್ ಒಂದು, ಚಾಕು ಬೇರೆ ಬೇರೆ. ಎಗ್‌ಲೆಸ್ ಅಂತ ಡಬ್ಬಿ ಮೇಲೆ ದಪ್ಪ ಮಾರ್ಕರಲ್ಲಿ ಕನ್ನಡದಲ್ಲೇ ಬರೀರಿ, ಬಾಯಲ್ಲಿ ಹೇಳಿದ್ರೆ ನಂಬಲ್ಲ. ಪ್ಲಮ್ ಕೇಕಲ್ಲಿ ರಮ್ ಇದ್ರೆ ಅದನ್ನೂ ಹೇಳ್ಬಿಡಿ, ಕೆಲವ್ರು ಅದಕ್ಕೇ ಎರಡು ಪೀಸ್ ತಗೋತಾರೆ. ಮಂಗಳೂರು ಕಡೆಯವರಾಗಿದ್ರೆ ಕುಸ್ವಾರ್ ಅನ್ನೋ ಕ್ರಿಸ್‌ಮಸ್ ತಿಂಡಿ ತಟ್ಟೆ, ಗುಲಾಬಿ ಹೂವಿನ ಆಕಾರದ ಕರಿದ ತಿಂಡಿ, ಕಲ್‌ಕಲ್, ಕರ್ಜಿಕಾಯಿ. ಸೆಕ್ಯೂರಿಟಿ ಮತ್ತೆ ಹೌಸ್‌ಕೀಪಿಂಗ್ ಅಮ್ಮಂದಿರಿಗೆ ಮೊದ್ಲೇ ಎತ್ತಿಡಿ, ಅವ್ರು ಬರೋ ಹೊತ್ತಿಗೆ ಬರೀ ಪುಡಿ ಉಳಿದಿರತ್ತೆ.